ಜಗಲಿಯ ಮಾಡಿಗೆ ಕಟ್ಟಿದ ದೋಟಿ

ಹೊಸನಗರದ ಕಡೆಯ ಒಂದು ಮನೆ. ಜಗಲಿಯ ಮಾಡಿನ ಪಕಾಸಿಗೆ ಕಾರ್ಬನ್ ಫೈಬರ್ ದೋಟಿಯೊಂದನ್ನು ಅಡ್ಡಕ್ಕೆ ಕಟ್ಟಿಟ್ಟಿದ್ದರು. ನೆಲದಲ್ಲಿ ನಿಂತೇ ಅಡಿಕೆ ಮರಕ್ಕೆ ಔಷಧಿ ಹೊಡೆಯಲು, ಕೊನೆ ಅಂದರೆ ಅಡಿಕೆ ಗೊನೆ ಕೊಯ್ಯಲು ಬಳಸುವ ಉದ್ದನೆಯ ಕೋಲು ಅದು. ತುದಿಗೆ ಸುತ್ತಿದ್ದ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಹಿಂದಿನ ಮಳೆಗಾಲಕ್ಕೆ ಮುಂಚೆ ತಂದದ್ದಂತೆ. ಕಾಯಿ ಉದುರಿಸುವ ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ ಸುಣ್ಣ ಕಲಸಿದ ಔಷಧಿ, ಹೊಡೆಯುವ ಕಾಲ ಹೋಯಿತು, ಅಡಿಕೆ ಕೊನೆಗಳ ಕೊಯ್ಲೂ ಮುಗಿಯಿತು, ದೋಟಿ ಅಲ್ಲೇ ಇತ್ತು. ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದಿದ್ದ ಹುಡುಗ, ಸುತ್ತಲಿನ ತೋಟಗಳಿಗೆ ಔಷಧಿ ಹೊಡೆದು ಕೊನೆ ತೆಗೆದುಕೊಡುವ ಕೆಲಸ ಹಿಡಿಯುತ್ತೇನೆಂದು ಸಾಲ ಮಾಡಿ ತಂದಿದ್ದ. ಯಾಕೆ ಶುರು ಮಾಡಲಿಲ್ಲ ಅಂದರೆ, "ಇನ್ನೊಂಚೂರು ಸರಿ ಕಲ್ತ್ಕಂಡು ಹೊರಡನ ಅಂತ" ಅಂದ. ಒಳಗಿನಿಂದ ಅವನ ಅಮ್ಮನ ದನಿ ಬಂತು: "ಈಗ ಅದಕ್ಕೆ ದಿನಾ ಧೂಳು ಹೊಡ್ಯೋದೇ ಅವ್ನ ಕೆಲ್ಸ."

ಆ ಹುಡುಗ ಸೋಮಾರಿಯಲ್ಲ, ದಡ್ಡನೂ ಅಲ್ಲ. ಮಾತಾಡಿಸಿದರೆ ತನ್ನ ಹೆದರಿಕೆಗಳನ್ನು ಒಂದೊಂದಾಗಿ ಹೇಳಬಲ್ಲ. ದೋಟಿ ಮುರಿದರೆ? ಜನ ನಕ್ಕರೆ? ಯಾರೂ ಕರೆಯದಿದ್ದರೆ? ಟ್ಯಾಕ್ಸ್‌ನವರು ಬಂದರೆ? ಹೊಡೆದ ಮೇಲೂ ಕೊಳೆ ಬಂದರೆ? ಕೇಳುತ್ತ ಹೋದಂತೆ ಒಂದು ವಿಚಿತ್ರ ಕಾಣಿಸಿತು. ಅವನು ಹೆದರುತ್ತಿದ್ದ ಸಂಗತಿಗಳಲ್ಲಿ ಮುಕ್ಕಾಲು ಪಾಲು ಒಂದು ದಿನ ಕೂತು ಲೆಕ್ಕ ಹಾಕಿದರೆ ಮುಗಿದುಹೋಗುವಂಥವು. ನಿಜವಾಗಿ ಹೆದರಬೇಕಾದ ಮೂರ್ನಾಲ್ಕು ಸಂಗತಿಗಳು ಪಟ್ಟಿಯಲ್ಲೇ ಇರಲಿಲ್ಲ. ಒಬ್ಬನೇ ನಿಂತು ಮಾಡುವ ಯಾವ ಕಸುಬಿನಲ್ಲೂ ಹೀಗೇ ಆಗುತ್ತದೆ ಅನ್ನಿಸುತ್ತದೆ. ಹೊಲಿಗೆ ಅಂಗಡಿ ಇಡುವವರೂ ಬೋರ್ಡು ಬರೆಸಲು ಹೆದರುತ್ತಾರೆ, ಉದ್ರಿ ಕೊಡಲು ಹೆದರುವುದಿಲ್ಲ. ಆದರೆ ದೋಟಿಯ ಕೆಲಸದಲ್ಲಿ ಹೆದರಿಕೆ ತಪ್ಪು ಜಾಗದಲ್ಲಿ ಕೂತರೆ ಜೀವಕ್ಕೇ ಬರಬಹುದು. ಹಾಗಾಗಿ ಅದನ್ನೇ ಹಿಡಿದು ಬರೆಯುತ್ತೇನೆ.

ಮುರಿಯುವ ಹೆದರಿಕೆ

ದೋಟಿಯ ಬೆಲೆ ಉದ್ದದ ಮೇಲೆ, ತಯಾರಿಸಿದವರ ಮೇಲೆ ಹೋಗುತ್ತದೆ. ಲೆಕ್ಕಕ್ಕೆ 80,000 ರೂಪಾಯಿ ಎಂದಿಟ್ಟುಕೊಳ್ಳಿ. ಅಷ್ಟು ದುಡ್ಡಿನ ವಸ್ತುವನ್ನು ಮೊದಲ ದಿನವೇ ಪೂರ್ತಿ ಎಳೆದು ಎತ್ತಲು ಹೋದರೆ ಕೈ ನಡುಗುವುದು ಸಹಜ, ನಡುಗಿದ ಕೈಯಲ್ಲಿ ಅದು ಬಾಗುವುದೂ ಸಹಜ. ಇಲ್ಲಿ ಧೈರ್ಯ ತಂದುಕೊಳ್ಳುವ ಅಗತ್ಯವೇ ಇಲ್ಲ, ಉದ್ದ ಕಡಿಮೆ ಮಾಡಿದರಾಯಿತು. ಒಂದರೊಳಗೊಂದು ಕೂತ ಕೊಳವೆಗಳಲ್ಲಿ ಮೊದಲು ಹೊರಬರುವುದು ತುದಿಯ ಸಣ್ಣ ತುಂಡುಗಳು. ಅವಷ್ಟನ್ನೇ ಎಳೆದು 25-30 ಅಡಿಯ ಎಳೆಮರಗಳ ಕೆಳಗೆ ಒಂದು ವಾರ ನಿಲ್ಲಬೇಕು. ಡ್ರಮ್ಮಿನಲ್ಲಿ ಬೋರ್ಡೋ ಬೇಡ, ಬರೀ ನೀರು ಸಾಕು. ಕೊನೆಯ ಎಲ್ಲ ಕಾಯಿಗೂ ನೀರು ತಾಗಿತೋ ಇಲ್ಲವೋ ಎಂದು ಕೆಳಗಿನಿಂದ ನೋಡಿ ತಿಳಿಯುವುದು ಒಂದು ವಿದ್ಯೆ. ಅದು ಬರಲು ಕುತ್ತಿಗೆಗೆ ನಾಲ್ಕು ದಿನವಾದರೂ ಬೇಕು.

ದೋಟಿ ಹಾಳಾಗುವುದು ಹೆಚ್ಚಾಗಿ ಕೆಲಸದ ಹೊತ್ತಿನಲ್ಲಲ್ಲ, ಎತ್ತುವಾಗ ಮತ್ತು ಇಳಿಸುವಾಗ. ಪೂರ್ತಿ ಉದ್ದ ಎಳೆದು ನೆಲದ ಮೇಲೆ ಮಲಗಿಸಿ, ಒಂದು ತುದಿ ಹಿಡಿದು ಏಣಿಯಂತೆ ಎತ್ತಲು ಹೋದರೆ ಮಧ್ಯದ ತುಂಡಿಗೆ ಭಾರ ಬಿದ್ದು ಸೀಳು ಬಿಡುತ್ತದೆ. ಬುಡ ನೆಲಕ್ಕೆ ಊರಿ, ನೆಟ್ಟಗೆ ನಿಲ್ಲಿಸಿಕೊಂಡು, ಒಂದೊಂದೇ ತುಂಡು ಮೇಲೆ ತಳ್ಳಿ ಲಾಕ್ ಹಾಕುತ್ತ ಹೋಗಬೇಕು. ಇಳಿಸುವಾಗ ಅದೇ ತಿರುಗುಮುರುಗು. ಲಾಕ್ ಸಡಿಲವಾದರೆ ಮೇಲಿನ ತುಂಡು ಸರ್ರನೆ ಜಾರಿ ಬೆರಳು ಜಜ್ಜುತ್ತದೆ. ಜಾರದಿರಲಿ ಎಂದು ಅತಿಯಾಗಿ ಬಿಗಿದರೆ ಕೊಳವೆಯೇ ಬಿರಿಯುತ್ತದೆ. ಮಣ್ಣು, ಮರಳು, ಒಣಗಿದ ಸುಣ್ಣದ ಪುಡಿ ಲಾಕಿನೊಳಗೆ ಸೇರಿದರೆ ಉಜ್ಜಿ ಉಜ್ಜಿ ಕೊಳವೆ ಸವೆಯುತ್ತದೆ. ಸಂಜೆ ಒಳ್ಳೆಯ ನೀರಲ್ಲಿ ತೊಳೆದು ಒಣಬಟ್ಟೆಯಲ್ಲಿ ಒರೆಸಿಡುವುದಕ್ಕೆ ಕಾಲು ಗಂಟೆ ಸಾಕು. ಸೀಳಿದ ಕಡೆ ಬರಿಗೈ ಆಡಿಸಬಾರದು, ಕಾರ್ಬನ್ನಿನ ಸಿಬರು ಚುಚ್ಚಿದರೆ ತೆಗೆಯುವುದು ಕಷ್ಟ. ಮರದ ಬುಡಕ್ಕೆ ಅಂಟಿಕೊಂಡು ನಿಲ್ಲದೆ ನಾಲ್ಕೈದು ಹೆಜ್ಜೆ ಹಿಂದೆ ನಿಂತರೆ ಕೊಯ್ದ ಕೊನೆ ತಲೆ ಮೇಲೆ ಬೀಳುವುದಿಲ್ಲ. ಹೆಲ್ಮೆಟ್ಟು ಮತ್ತು ಕನ್ನಡಕ ಮಾತ್ರ ತಪ್ಪಿಸಲೇಬಾರದು. ತುತ್ತದ ಹನಿ ಕಣ್ಣಿಗೆ ಬಿದ್ದವರನ್ನು ಕೇಳಿ ನೋಡಿ.

ಜನ ಏನಂದಾರು

ಇದು ಮಲೆನಾಡಿನಲ್ಲಿ ಸಣ್ಣ ವಿಷಯವಲ್ಲ. ಮರ ಹತ್ತಿ ಕೊನೆ ತೆಗೆಯುವ ಕೆಲಸ ಯಾರದ್ದು, ಕೆಳಗೆ ನಿಂತು ಲೆಕ್ಕ ಬರೆದುಕೊಳ್ಳುವ ಕೆಲಸ ಯಾರದ್ದು ಎಂಬುದಕ್ಕೆ ಇಲ್ಲಿ ತಲೆತಲಾಂತರದ ಗೆರೆಯಿದೆ. ಅದನ್ನು ದಾಟುವವನಿಗೆ ಎರಡೂ ಕಡೆಯಿಂದ ಮಾತು ಬರುತ್ತದೆ. "ಅಷ್ಟು ಓದಿ ಕೊನೆ ತೆಗೀತಾನಂತೆ" ಎಂದು ಒಂದು ಕಡೆ, "ನಮ್ ಹೊಟ್ಟೆ ಮೇಲೆ ಹೊಡ್ಯಾಕೆ ಬಂದ" ಎಂದು ಇನ್ನೊಂದು ಕಡೆ. ಮದುವೆಯ ಮಾತು ಎದ್ದಾಗ ಹುಡುಗ ಏನು ಮಾಡಿಕೊಂಡಿದ್ದಾನೆ ಎಂಬ ಪ್ರಶ್ನೆಗೆ ಮನೆಯವರು ತಡವರಿಸುತ್ತಾರೆ. ನನಗೆ ತಿಳಿದಂತೆ ಮೊದಲನೇ ಮಾತಿಗೆ ಔಷಧಿಯಿಲ್ಲ. ಎರಡು ಹಂಗಾಮು ದಾಟಿದರೆ ಆಡಿದವರೇ ಫೋನ್ ಮಾಡಿ ದಿನ ಕೇಳುತ್ತಾರೆ. ಎರಡನೆಯದನ್ನು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಬೇಕು. ಊರಿನ ಹಳೆಯ ಕೊನೆಗಾರರನ್ನು ಹೋಗಿ ಕಂಡು ಮಾತಾಡಿ. ಯಾವ ತೋಟದಲ್ಲಿ ಮರ ಎಷ್ಟು ಎತ್ತರ, ಯಾವ ಕೊನೆ ಯಾವಾಗ ಹದಕ್ಕೆ ಬರುತ್ತದೆ ಎಂಬುದು ಅವರ ತಲೆಯಲ್ಲಿದೆ. ಬೇಯಿಸಿ ಒಣಗಿಸುವ ಕೆಂಪಡಿಕೆಗೆ ಕಾಯಿ ಎಳಸಾಗಿ, ಹಸಿರಿರುವಾಗಲೇ ಇಳಿಯಬೇಕು. ಹದ ಮೀರಿದರೆ ರಾಶಿ ಎಂಬ ದರ್ಜೆಯ ಗುಣ ಹೋಯಿತು. ದೋಟಿಗೆ ಕಣ್ಣಿಲ್ಲ.

ಕ್ಯೂಆರ್ ಕೋಡಿನ ಹೆದರಿಕೆ

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತಲ್ಲ, ಆಗ ಬೆಂಗಳೂರಿನ ಅಂಗಡಿಗಳು ಸ್ಟಿಕರ್ ಕಿತ್ತು "ಕ್ಯಾಶ್ ಮಾತ್ರ" ಎಂದು ಬರೆದು ಹಾಕಿದ್ದು ಎಲ್ಲರಿಗೂ ನೆನಪಿದೆ. ಅದರ ಬಿಸಿ ಮಲೆನಾಡಿನ ಮೂಲೆಗೂ ತಟ್ಟಿತು. ಆದರೆ ಅಂಕಿ ನೋಡಿ. ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದು ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದಾಗ. ಸಾಲದ್ದಕ್ಕೆ ಬೆಳೆ ಕೊಯ್ಲು, ಸಸ್ಯಸಂರಕ್ಷಣೆಯಂಥ ಕೃಷಿ ಸೇವೆಗಳಿಗೆ ತೆರಿಗೆಯೇ ಇಲ್ಲ. ಒಬ್ಬನೇ ದೋಟಿ ಹಿಡಿದು ವರ್ಷದಲ್ಲಿ 90 ದಿನ ದುಡಿದರೆ, ದಿನಕ್ಕೆ 3,000 ಬಂದರೂ 2,70,000. ಇಪ್ಪತ್ತು ಲಕ್ಷದ ಗಡಿ ಕಣ್ಣಿಗೂ ಕಾಣದಷ್ಟು ದೂರ. ನನ್ನನ್ನು ಕೇಳಿದರೆ ಫೋನ್‌ನಲ್ಲಿ ಬರುವ ದುಡ್ಡೇ ಒಳ್ಳೆಯದು. ಮುಂದೆ ಬ್ಯಾಂಕಿನಲ್ಲಿ ಸಾಲ ಕೇಳುವಾಗ ಅದೇ ಸಾಕ್ಷಿ. ಸಣ್ಣ ಉದ್ಯೋಗದವರಿಗಿರುವ ಮುದ್ರಾ ಸಾಲ ಯೋಜನೆಯ ಶಿಶು ವರ್ಗದಲ್ಲಿ 50,000ದವರೆಗೆ ಅಡಮಾನ ಕೇಳುವಂತಿಲ್ಲ. ಮ್ಯಾನೇಜರು ನೋಡುವುದು ಖಾತೆಯಲ್ಲಿ ಏನು ಓಡಾಡಿದೆ ಎಂಬುದನ್ನೇ.

ದರ ಹೇಳುವಾಗ ನಾಲಿಗೆ ಒಣಗುವುದು

ಹೊಸಬರು ಹೆಚ್ಚು ತೊದಲುವುದು ಇಲ್ಲಿ. "ನೀವೇ ಏನಾದ್ರು ನೋಡಿ ಕೊಡಿ" ಅಂದುಬಿಡುತ್ತಾರೆ. ಹಾಗಂದರೆ ಅವರು ಊರಿನ ಆಳಿನ ಕೂಲಿ ಕೊಡುತ್ತಾರೆ, ದೋಟಿಯ ಬಾಡಿಗೆ ಪುಕ್ಕಟೆ. ಸಂಕೋಚಕ್ಕೆ ಕಾರಣ ತನ್ನ ದರ ಯಾಕೆ ಇಷ್ಟು ಎಂಬುದು ತನಗೇ ಗೊತ್ತಿಲ್ಲದಿರುವುದು. ಒಂದು ಹಾಳೆ ತೆಗೆದುಕೊಂಡು ಬರೆಯೋಣ. ದೋಟಿ 80,000, ಪಂಪು ಪೈಪು ಗನ್ನು ಸೇರಿ 25,000, ಹೆಲ್ಮೆಟ್ಟು ಕನ್ನಡಕ ಬೂಟು ಡ್ರಮ್ಮು 5,000. ಒಟ್ಟು 1,10,000. ನಾಲ್ಕು ವರ್ಷ ಬಾಳಿಕೆ ಹಿಡಿದರೆ ವರ್ಷಕ್ಕೆ 27,500. ದುಡಿಯುವ ದಿನ 90. ಅಲ್ಲಿಗೆ ದಿನಕ್ಕೆ 305 ರೂಪಾಯಿ ಬರೀ ಸಾಮಾನಿನ ಸವಕಳಿ. ರಿಪೇರಿಗೆ ವರ್ಷಕ್ಕೆ 10,000 ತೆಗೆದಿಟ್ಟರೆ ದಿನಕ್ಕೆ 111. ಪೆಟ್ರೋಲು, ಓಡಾಟ 250. ಸ್ವಂತ ಕೂಲಿ 1,000. ಕೂಡಿದರೆ 1,666.

ಇಲ್ಲಿಗೇ ನಿಲ್ಲಿಸುವವರು ಹೆಚ್ಚು, ಕೈ ಸುಟ್ಟುಕೊಳ್ಳುವುದೂ ಇಲ್ಲೇ. ಹಂಗಾಮಿನಲ್ಲಿ ಮಳೆ ಹಿಡಿದು ಜಗಲಿಯಲ್ಲಿ ಕೂರುವ ದಿನಗಳಿಗೆ ಕೂಲಿ ಯಾರು ಕೊಡುತ್ತಾರೆ? ಅಂಥವು 40 ದಿನ ಎಂದರೆ 40,000 ರೂಪಾಯಿ. ಅದನ್ನೂ ದುಡಿದ 90 ದಿನಗಳ ಮೇಲೆ ಹಂಚಬೇಕು. ದಿನಕ್ಕೆ 444 ಸೇರಿ 2,110 ಆಯಿತು. ಮೊದಲ ವರ್ಷ ದಿನಕ್ಕೆ 100 ಮರ ಮಾಡಿದರೆ ಮರಕ್ಕೆ 21 ರೂಪಾಯಿ, ಕೈ ಪಳಗಿ 150 ಮರ ಮಾಡಿದರೆ 14. ನಿಮ್ಮ ಅಂಕಿ ಬೇರೆ ಇರಬಹುದು, ಹಾಕುವ ಕ್ರಮ ಇದು. ಈ ಹಾಳೆ ಜೇಬಿನಲ್ಲಿದ್ದವನು ದರ ಹೇಳುವಾಗ ನೆಲ ನೋಡುವುದಿಲ್ಲ. ಇಳಿಸಿ ಎಂದರೆ ಎಷ್ಟರವರೆಗೆ ಇಳಿಯಬಹುದು, ಎಲ್ಲಿ ಎದ್ದು ಬರಬೇಕು ಎಂಬುದು ಅವನಿಗೆ ಗೊತ್ತಿರುತ್ತದೆ. ಪರಿಚಯಕ್ಕಿರಲಿ ಎಂದು ಮೊದಲ ತೋಟವನ್ನು ಪುಕ್ಕಟೆ ಮಾಡಿಕೊಡುವ ಯೋಚನೆ ಬೇಡವೇ ಬೇಡ. ಮುಂದಿನ ವರ್ಷವೂ ಅವರಿಗೆ ಅದೇ ದರ ನೆನಪಿರುತ್ತದೆ.

ಮರ ಎಣಿಸುವುದರಲ್ಲೂ ಒಂದು ಮಾತು. ಒಂಬತ್ತು ಅಡಿ ಅಂತರದ ತೋಟದಲ್ಲಿ ಎಕರೆಗೆ 540ರ ಆಸುಪಾಸು ಮರ ಇರುತ್ತವೆ, ಆದರೆ ಹಳೆಯ ತೋಟಗಳಲ್ಲಿ ಸತ್ತ ಮರ, ನಡುವೆ ಇಟ್ಟ ಎಳೆಸಸಿ ಎಲ್ಲ ಬೆರೆತಿರುತ್ತದೆ. "ಸುಮಾರು ಸಾವ್ರ ಮರ" ಎಂಬ ಬಾಯಿಲೆಕ್ಕ ನಂಬಬೇಡಿ. ಸಾಲಿನ ತುದಿಯಲ್ಲಿ ನಿಂತು ಸಾಲಿಗೊಂದು ಗೀಟು ಹಾಕಿ ಎಣಿಸಿಕೊಳ್ಳಿ.

ಕೊಳೆ ಬಂದರೆ ಯಾರ ತಲೆಗೆ?

ಕೊಳೆರೋಗಕ್ಕೂ ಬೋರ್ಡೋಕ್ಕೂ ನಮ್ಮಲ್ಲಿ ನೂರು ವರ್ಷ ಮೀರಿದ ನಂಟು. ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಸಸ್ಯರೋಗ ವಿಜ್ಞಾನಿ ಲೆಸ್ಲಿ ಕೋಲ್ಮನ್ ಈ ರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಬರೆದರು. ಅಷ್ಟು ಹಳೆಯ ಔಷಧಿಯಾದರೂ ಅದನ್ನು ಕಲಸುವುದರಲ್ಲಿ ಇವತ್ತಿಗೂ ತಪ್ಪುತ್ತಾರೆ. ಕಲಸಿದವರು ತೋಟದವರೇ ಆದರೂ ಕಾಯಿ ಉದುರಿದಾಗ ಹೆಸರು ಬರುವುದು ಹೊಡೆದವನದ್ದು. ಆದ್ದರಿಂದ ಕಲಸುವ ಹೊತ್ತಿಗೆ ಅಲ್ಲಿರಬೇಕು. ಶೇಕಡಾ ಒಂದರ ಬೋರ್ಡೋ ಎಂದರೆ 100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. 200 ಲೀಟರಿನ ಡ್ರಮ್ಮಿಗೆ ಎರಡೆರಡು ಕೆಜಿ. ಹಿಂದಿನ ರಾತ್ರಿಯೇ ತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಅರ್ಧ ನೀರು ತುಂಬಿದ ಪ್ಲಾಸ್ಟಿಕ್ ಡ್ರಮ್ಮಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಬಿಟ್ಟರೆ ಬೆಳಗ್ಗೆ ಕರಗಿರುತ್ತದೆ. ತಳಕ್ಕೆ ಸುರಿದರೆ ತಳದಲ್ಲೇ ಕೂರುತ್ತದೆ. ಕಬ್ಬಿಣದ ಪಾತ್ರೆ, ತಗಡಿನ ಬಕೆಟ್ಟು ಮುಟ್ಟಿಸಬಾರದು. ಸುಣ್ಣವನ್ನು ಬೇರೆಯಾಗಿ ಅರಳಿಸಿ ಉಳಿದರ್ಧ ನೀರಲ್ಲಿ ಕಲಸಿ ಬಟ್ಟೆಯಲ್ಲಿ ಸೋಸಬೇಕು; ಸೋಸದಿದ್ದರೆ ಪ್ರತಿ ಹತ್ತು ಮರಕ್ಕೊಮ್ಮೆ ದೋಟಿ ಇಳಿಸಿ ನಾಜಲ್ ಊದುತ್ತ ಕೂರಬೇಕಾಗುತ್ತದೆ. ಸುಣ್ಣದ ನೀರಿಗೆ ತುತ್ತದ ನೀರನ್ನು ನಿಧಾನವಾಗಿ ಸುರಿಯುತ್ತ ಕೋಲಿನಲ್ಲಿ ತಿರುಗಿಸಬೇಕು, ತಿರುಗುಮುರುಗು ಮಾಡಬಾರದು. ಬಣ್ಣ ಆಕಾಶನೀಲಿ ಬರಬೇಕು. ಉಜ್ಜಿ ಹೊಳೆಯುವಂತೆ ಮಾಡಿದ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿ ತೆಗೆದಾಗ ಕೆಂಪು ತಾಮ್ರ ಹಿಡಿದಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು.

ಈ ಕತ್ತಿ ಪರೀಕ್ಷೆಯನ್ನು ತೋಟದವರ ಎದುರಿಗೇ ಮಾಡಿ. ಆಮೇಲೆ ಪುಸ್ತಕದಲ್ಲಿ ತಾರೀಕು, ಎಷ್ಟು ಡ್ರಮ್ಮು, ಎಷ್ಟು ಮರ, ಹೊಡೆದು ಎಷ್ಟು ಹೊತ್ತಿಗೆ ಮಳೆ ಬಂತು ಎಂದು ಬರೆದು ಅವರಿಂದ ಸಹಿ ಹಾಕಿಸಿಕೊಳ್ಳಿ. ಅಂಟಿ ಒಣಗುವ ಮೊದಲೇ ಜಡಿಮಳೆ ಬಿದ್ದರೆ ಮತ್ತೆ ಹೊಡೆಯಬೇಕಾಗಬಹುದು, ಅದಕ್ಕೆ ಬೇರೆ ಕೂಲಿ ಎಂದು ಮೊದಲೇ ಹೇಳಿರಬೇಕು. ಕಲಸಿದ್ದು ಅವತ್ತೇ ಮುಗಿಯಬೇಕು. ಮರುದಿನಕ್ಕೆ ಉಳಿದದ್ದು ಗಸಿಯಾಗಿ ಕೂರುತ್ತದೆ, ಕಾಯಿಗೆ ಹಿಡಿಯುವುದಿಲ್ಲ. ಈ ಪುಸ್ತಕ ಇದ್ದರೆ ಆಗಸ್ಟಿನಲ್ಲಿ ಯಾರಾದರೂ ಕೂಗಾಡಿದಾಗ ಬಾಯಿಗೆ ಬಾಯಿ ಕೊಡುವ ಕೆಲಸವಿರುವುದಿಲ್ಲ.

ಪಟ್ಟಿಯಲ್ಲಿ ಇಲ್ಲದ್ದು

ಮೊದಲನೆಯದು ಕರೆಂಟು. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಫೈಬರ್ ಎಂಬ ಮಾತು ಕೇಳಿ ಪ್ಲಾಸ್ಟಿಕ್ಕಿನಂತೆ ಎಂದುಕೊಂಡವರು ಬಹಳ ಮಂದಿ. ಗಾಜಿನ ಫೈಬರಿನಲ್ಲಿ ಹರಿಯುವುದಿಲ್ಲ, ನಿಜ. ಆದರೆ ಅದರ ಮೈ ಒದ್ದೆಯಾಗಿ ಮೇಲೆ ತುತ್ತದ ನೀರು ಇಳಿಯುತ್ತಿದ್ದರೆ ಅದನ್ನೂ ನಂಬುವಂತಿಲ್ಲ. ಮಲೆನಾಡಿನ ತೋಟಗಳ ನಡುವೆಯೇ ಲೈನ್ ಹಾದುಹೋಗಿರುತ್ತದೆ. 11 ಕೆವಿ, ಅಂದರೆ 11 ಸಾವಿರ ವೋಲ್ಟಿನ ತಂತಿಯಾದರೆ ತಾಗಬೇಕೆಂದೂ ಇಲ್ಲ, ತೀರ ಹತ್ತಿರ ಹೋದರೆ ಹಾರಿ ಹಿಡಿಯುತ್ತದೆ. ರಬ್ಬರ್ ಬೂಟು ಅಲ್ಲಿ ಲೆಕ್ಕಕ್ಕಿಲ್ಲ. ನನ್ನ ಅಳತೆ ಹೀಗೆ: ದೋಟಿಯ ಪೂರ್ತಿ ಉದ್ದಕ್ಕೆ 10 ಅಡಿ ಸೇರಿಸಿ, ತಂತಿಯ ನೇರಕ್ಕಿರುವ ನೆಲದಿಂದ ಅಷ್ಟು ದೂರದೊಳಗಿನ ಮರಗಳಿಗೆಲ್ಲ ಬೆಳಗ್ಗೆಯೇ ಕೆಂಪು ಬಟ್ಟೆ ಕಟ್ಟಿಬಿಡುವುದು. ದೋಟಿ ಕೈತಪ್ಪಿದರೆ ಯಾವ ದಿಕ್ಕಿಗಾದರೂ ಬೀಳಬಹುದಲ್ಲ. ಆ ಮರಗಳನ್ನು ಮಾಡಲೇಬೇಕೆಂದರೆ ತೋಟದವರು ವಿದ್ಯುತ್ ಕಂಪನಿ ಮೆಸ್ಕಾಂನ ಸೆಕ್ಷನ್ ಆಫೀಸಿಗೆ ಹೇಳಿ, ಲೈನ್‌ಮನ್ ಬಂದು ಲೈನ್ ಆಫ್ ಮಾಡಿ ಹೇಳಬೇಕು. "ಕರೆಂಟ್ ಹೋಗಿದೆ, ಬೇಗ ಮುಗ್ಸು" ಎಂಬ ಮಾತಿಗೆ ದೋಟಿ ಎತ್ತಬಾರದು, ಹೋದದ್ದು ಯಾವ ಗಳಿಗೆಯಲ್ಲೂ ಬರುತ್ತದೆ. ಕೆಲಸ ಹೋದರೂ ಚಿಂತೆಯಿಲ್ಲ ಎಂದು ನಾನು ಹೇಳುವ ಜಾಗ ಇದೊಂದೇ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಎಂದು ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ. ದೋಟಿಗೆ 80,000 ಹಾಕಿದವರು ಈ 20 ರೂಪಾಯಿಯನ್ನು ಮರೆತಿರುತ್ತಾರೆ.

ಎರಡನೆಯದು ಉದ್ರಿ. ತೀರ್ಥಹಳ್ಳಿ ಕಡೆಯ ಒಂದು ಜಗಲಿಯಲ್ಲಿ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಜೂನ್ ತಿಂಗಳ ಸಂಜೆ, ಔಷಧಿ ಹೊಡೆದು ಮುಗಿಸಿದವನು ಕೈಕಾಲು ತೊಳೆದು ಬಂದು ಕೂತಿದ್ದ. ಮೈಯೆಲ್ಲ ನೀಲಿ ಚುಕ್ಕೆ. ಕಾಫಿ ಬಂತು, ಹಲಸಿನಕಾಯಿ ಹಪ್ಪಳ ಬಂತು, ಮಳೆಯ ಮಾತು, ಧಾರಣೆಯ ಮಾತು ಎಲ್ಲ ಆಯಿತು. ಕೊನೆಗೆ ಅವನು ಲೋಟ ಕೆಳಗಿಟ್ಟು, "ಗೌಡ್ರೆ, ಲೆಕ್ಕ ಒಂಚೂರು..." ಅಂದ. ಗೌಡರು ನಕ್ಕರು. "ಎಲ್ಲಿಗ್ ಓಡಿ ಹೋಗ್ತೀವಿ ಮಾರಾಯ? ಬರ್ಕಂಡಿರು. ಅಡಿಕೆ ಕೊಟ್ಟಮೇಲೆ ಒಟ್ಟಿಗೇ ತಗಂಡ್ ಹೋಗು." ಅವನೂ ನಕ್ಕ. ಹಪ್ಪಳ ತಿಂದ ಬಾಯಲ್ಲಿ ಮತ್ತೆ ಕೇಳಲಾಗಲಿಲ್ಲ. ಗೌಡರು ಮೋಸದವರಲ್ಲ, ಅಡಿಕೆ ಬೆಳೆಗಾರರ ವರ್ಷವೇ ಹಾಗೆ. ಸೊಸೈಟಿಗೋ ಮಂಡಿಗೋ ಅಡಿಕೆ ಹೋಗಿ, ಧಾರಣೆ ನೋಡಿ ಬಿಟ್ಟಮೇಲೆ ಕೈಗೆ ದುಡ್ಡು. ಜೂನಿನ ಕೂಲಿ ಜನವರಿ ದಾಟಿ ಕೆಲವೊಮ್ಮೆ ಶಿವರಾತ್ರಿ ಮುಗಿದ ಮೇಲೆ ಬರುತ್ತದೆ. ಅಷ್ಟರಲ್ಲಿ ಅವನ ಸಾಲದ ಕಂತು ಏಳೋ ಎಂಟೋ ಸಲ ಬಂದು ಹೋಗಿರುತ್ತದೆ. ಹೀಗೆ ಹತ್ತು ಒಳ್ಳೆಯ ಜನ ಸೇರಿದರೆ ಸಾಕು, ಕೈತುಂಬ ಕೆಲಸ ಇದ್ದವನು ದೋಟಿ ಮಾರುತ್ತಾನೆ.

ಇದಕ್ಕೆ ಕೆಲಸಕ್ಕೆ ಮುಂಚೆ, ಫೋನಿನಲ್ಲೇ ಮಾತು ಮುಗಿಸಬೇಕು. ತುತ್ತ ಸುಣ್ಣ ನಿಮ್ಮದು, ಪೈಪು ಹಿಡಿಯಲು ಒಬ್ಬರು ನಿಮ್ಮವರು, ಬೆಳಗ್ಗೆ ಪೆಟ್ರೋಲಿಗೆ 500, ಉಳಿದದ್ದು ಅವತ್ತೇ ಸಂಜೆ. ಫೋನಿನಲ್ಲಿ ಆಡಲು ಬರುವ ಮಾತು ಜಗಲಿಯಲ್ಲಿ ಬಾಯಿಗೆ ಬರುವುದಿಲ್ಲ. ಬಂಧುಗಳು, ಬಿಡಲಾಗದವರು ಇದ್ದೇ ಇರುತ್ತಾರೆ. ಅವರೆಲ್ಲರದ್ದೂ ಸೇರಿ ಬಾಕಿ 15,000 ದಾಟಬಾರದು ಎಂದು ಒಂದು ಗೆರೆ ಹಾಕಿಕೊಂಡರೆ, ಹದಿನಾರನೇ ಸಾವಿರ ಕೇಳಿದವರಿಗೆ "ಈ ಸಲ ಆಗಲ್ಲ ಮಾವ" ಎನ್ನಲು ಪುಸ್ತಕವೇ ನೆಪವಾಗುತ್ತದೆ.

ಮೂರನೆಯದು ಯಾರೂ ಕರೆಯದಿದ್ದರೆ ಎಂಬುದರ ಉಲ್ಟಾ: ಎಲ್ಲರೂ ಒಂದೇ ವಾರದಲ್ಲಿ ಕರೆಯುವುದು. ಬೋರ್ಡೋದ ಮೊದಲ ಹೊಡೆತ ಮಳೆ ಹಿಡಿಯುವ ಮುಂಚೆ, ಎರಡನೆಯದು 40-45 ದಿನ ಬಿಟ್ಟು. ಮೇ ಕೊನೆಯ ವಾರ ಮೋಡ ಕಪ್ಪಾದ ಕೂಡಲೇ ಫೋನು ಶುರು. ಒಪ್ಪಿಕೊಂಡದ್ದು ಇಪ್ಪತ್ತು ತೋಟ, ಕೈಗೆ ಸಿಕ್ಕ ಒಣ ದಿನ ಎಂಟು ಎಂದಾದರೆ ಹನ್ನೆರಡು ಮನೆಯ ನಿಷ್ಠುರ. ಹೊಸಬ ಬೇಡವೆನ್ನಲು ಹೆದರುತ್ತಾನೆ, ಅದೇ ಅವನನ್ನು ಕೆಡಿಸುವುದು. ಮೊದಲ ವರ್ಷ 3,000 ಮರದ ಮೇಲೆ ಒಪ್ಪಬೇಡಿ. ದಿನಕ್ಕೆ 100ರಂತೆ 30 ದಿನ, ಅದೂ ಮೇ ಮಧ್ಯದಲ್ಲೇ ಶುರು ಮಾಡಿದರೆ. ತೋಟಗಳನ್ನು ಮಳೆಯ ಲೆಕ್ಕದಲ್ಲಿ ಸಾಲಾಗಿ ಇಟ್ಟುಕೊಳ್ಳಿ. ಆಗುಂಬೆ, ಹುಲಿಕಲ್ ಕಡೆಯವು ಮೊದಲು, ಶಿವಮೊಗ್ಗ ಭದ್ರಾವತಿ ಪಕ್ಕದ ಅರೆಮಲೆನಾಡು ಆಮೇಲೆ. ಮೈ ಒಂದೇ ಎಂಬುದೂ ಲೆಕ್ಕದಲ್ಲಿರಲಿ. ಆರು ದಿನ ಕತ್ತು ಎತ್ತಿದವನು ಏಳನೇ ದಿನ ದೋಟಿ ಎತ್ತಬಾರದು. ಜ್ವರ ಬಂದರೆ ಯಾರನ್ನು ಕಳಿಸುವುದು ಎಂದು ಪಕ್ಕದೂರಿನ ಇನ್ನೊಬ್ಬ ದೋಟಿಯವನ ಜೊತೆ ಮೊದಲೇ ಮಾತಾಗಿರಬೇಕು. ಅವನು ಪೈಪೋಟಿಯವನು ಎಂದು ಮುಖ ತಿರುಗಿಸುವವರನ್ನು ನೋಡಿದ್ದೇನೆ. ಮಲೆನಾಡಿನಲ್ಲಿ ಮರಗಳಿಗೇನು ಬರ?

ಜಗಲಿಯ ಮಾಡಿಗೆ ಕಟ್ಟಿದ್ದ ಆ ದೋಟಿಯನ್ನು ಮರುವರ್ಷ ದೀಪಾವಳಿಯ ಹೊತ್ತಿಗೆ ಮತ್ತೆ ನೋಡಿದೆ. ಈ ಸಲ ಅದು ಅಂಗಳದ ಮೂಲೆಯಲ್ಲಿ ಗೋಡೆಗೆ ಒರಗಿಕೊಂಡಿತ್ತು. ತುದಿಯ ತುಂಡುಗಳ ಲಾಕುಗಳಲ್ಲಿ ಸುಣ್ಣದ ಬಿಳಿ, ತುತ್ತದ ನೀಲಿ ಹಿಡಿದು ಬಣ್ಣಗೆಟ್ಟಿದ್ದವು. ಬುಡದ ಕಡೆಯ ಎರಡು ಲಾಕು ಮಾತ್ರ ಅಂಗಡಿಯಿಂದ ತಂದ ಹಾಗೇ ಹೊಳೆಯುತ್ತಿದ್ದವು. ಐವತ್ತು ಅಡಿ ದಾಟಿದ ಮರಗಳನ್ನೆಲ್ಲ ಆ ವರ್ಷ ಹಳೆಯ ಕೊನೆಗಾರರಿಗೇ ಬಿಟ್ಟಿದ್ದನಂತೆ. ಅಮ್ಮ ಹೇಳಿದರು, ಹುಡುಗ ಕೊನೆ ಎಣಿಸಲು ಹೋಗಿದ್ದಾನೆ, ಬರುವುದು ಕತ್ತಲಾಗಬಹುದು.